ಅಕ್ಷರವಿಲ್ಲದ ಗ್ರಂಥ

ಗ್ರಂಥವೆಂದೊಡನೆ ಅಕ್ಷರವು ಮನಸ್ಸಿಗೆ ಬರುವುದು ಸಹಜವೇ ಸರಿ. ಶಬ್ದವೂ ಅರ್ಥವೂ ಕೂಡಿದುದೇ ಕಾವ್ಯವೆಂಬುದು ಭಾಮಹನ ಕಾಲದಿಂದಲೂ ಬಂದ ಮತ. ಹಾಗಾದರೆ ಒಂದು ಪದವೂ ಇಲ್ಲದೆ, ಲಿನೋ ಅಚ್ಚಿನ ಚಿತ್ರಗಳನ್ನು ಮಾತ್ರ ಕ್ರಮವಾಗಿ ಹೊಲಿದು ಕಟ್ಟಿದ ಹೊತ್ತಗೆಯನ್ನು ಗ್ರಂಥವೆನ್ನಬಹುದೇ? ಎನ್ನಬಹುದಾದರೆ ಅದರ ಗುಣದೋಷಗಳನ್ನು ಅಳೆಯುವ ಬಗೆ ಯಾವುದು?

ಮೊದಲು ಅದರ ನಿರ್ಮಾಣವನ್ನು ನೋಡಬೇಕು. ಅಗಸೆ ಎಣ್ಣೆಗೆ ಬೆಂಡಿನ ಪುಡಿಯನ್ನು ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡುವ ಲಿನೋಲಿಯಂ 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನೆಲಹಾಸಾಗಿ ಹುಟ್ಟಿತು. ಮರದಂತೆ ಇದಕ್ಕೆ ಎಳೆಯಿಲ್ಲ. ಉಳಿಯನ್ನು ಎತ್ತ ನಡೆಸಿದರೂ ನಡೆಯುವುದು. ಕೆತ್ತಿ ತೆಗೆದ ಭಾಗವು ಕಾಗದದಲ್ಲಿ ಬಿಳಿದಾಗಿ ಉಳಿಯುವುದು. ಉಬ್ಬಿ ನಿಂತುದು ಮಸಿಯನ್ನು ಹಿಡಿದು ಕಪ್ಪಾಗುವುದು. ಬರೆದ ಪದವನ್ನು ಅಳಿಸಿ ತಿದ್ದಬಹುದು. ಕೆತ್ತಿದುದನ್ನು ಮರಳಿ ತುಂಬಲಾಗದು. ಆದುದರಿಂದ ಏನನ್ನು ಬಿಡಬೇಕೆಂಬ ವಿವೇಕವೇ ಇಲ್ಲಿ ಪ್ರತಿಭೆ. ಕೋಲು ಹಿಡಿದು ನಡೆಯುವ ಗಾಂಧೀಜಿಯವರನ್ನು ನಂದಲಾಲ ಬೋಸರು 1930ರಲ್ಲಿ ಕೆತ್ತಿದ ಲಿನೋ ಚಿತ್ರದಲ್ಲಿ, ಕಪ್ಪಿನ ಮೇಲಣ ಕೆಲವೇ ಬಿಳಿ ಗೆರೆಗಳು ಇಡೀ ದಂಡಿಯಾತ್ರೆಯನ್ನು ಧ್ವನಿಸುತ್ತವೆ.

ಆದರೆ ಒಂಟಿ ಚಿತ್ರವು ಮುಕ್ತಕ, ಹೊತ್ತಗೆಯು ಪ್ರಬಂಧ. ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣವು ಸಾಲುಸಾಲಾಗಿ ಕಲ್ಲಿನಲ್ಲಿ ನಡೆದಿದೆ. ಅಲ್ಲಿ ನೋಡುವವನು ಕಥೆಯನ್ನು ಬಲ್ಲನಾದುದರಿಂದ ಶಿಲ್ಪಿಗೆ ಮಾತಿನ ಹಂಗಿಲ್ಲ. ಬೆಲ್ಜಿಯಂ ದೇಶದ ಫ್ರಾನ್ಸ್ ಮಾಸೆರೀಲನು 1919ರಲ್ಲಿ 167 ಮರದಚ್ಚುಗಳಿಂದ ಒಬ್ಬ ಮನುಷ್ಯನ ಬಾಳನ್ನು ಮೂಕವಾಗಿ ಹೇಳಿದಾಗ ಆ ಆಸರೆಯೂ ಇರಲಿಲ್ಲ. ಆದರೂ 1926ರ ಜರ್ಮನ್ ಆವೃತ್ತಿಗೆ ಥಾಮಸ್ ಮಾನ್ ಮುನ್ನುಡಿಯನ್ನು ಬರೆದನು. ಮೂಕಗ್ರಂಥದ ಬಾಗಿಲಲ್ಲಿ ಮಾತು ಕಾವಲು ನಿಂತಿತು!

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಒನಕೆ ಓಬವ್ವನ ತವರೆಂದು ಜನರು ಹೇಳುತ್ತಾರೆ. ಅವಳು ಒಂದಕ್ಷರವನ್ನೂ ಬರೆದಿಟ್ಟವಳಲ್ಲ. ಅವಳ ಕೀರ್ತಿಯು ಬಾಯಿಂದ ಬಾಯಿಗೆ ಬಂದುದು. ಅವಳ ಕಥೆಯನ್ನು ಈ ಬಗೆಯಲ್ಲಿ ಕೆತ್ತಲು ಹೊರಟವನಿಗೆ ದೊಡ್ಡ ಅಪಾಯವೆಂದರೆ ಹೆಣಗಳ ರಾಶಿ. ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಹಾಳೆಗೊಬ್ಬರಂತೆ ಬೀಳಿಸಿದರೆ ವೀರವು ಬೀಭತ್ಸದಲ್ಲಿ ಮುಳುಗುವುದು. ಅದಕ್ಕೆ ಬದಲಾಗಿ, ಮೊದಲ ಹಾಳೆಯಲ್ಲಿ ಒರಳಿನೊಳಗೆ ಧಾನ್ಯವನ್ನು ಕುಟ್ಟುವ ಒನಕೆ. ಮುಂದೆ ಊಟಕ್ಕೆ ಕುಳಿತ ಗಂಡ, ನೀರಿಗೆಂದು ಹೊರಟ ಕೊಡ, ಕತ್ತಲ ಬಂಡೆಯಲ್ಲಿ ಬಿಳಿಯ ಕಿಂಡಿ. ಆಮೇಲೆ ಮೊದಲ ಹಾಳೆಯ ಅದೇ ಜಾಗದಲ್ಲಿ ಅದೇ ಒನಕೆ ಮೇಲೆತ್ತಿ ನಿಂತರೆ, ನೋಡುವವನ ಎದೆಯು ಉಳಿದುದನ್ನು ತಾನೇ ತುಂಬಿಕೊಳ್ಳುವುದು. ಮನೆಗೆಲಸದ ಸಾಧನವೇ ನಾಡನ್ನು ಕಾಯುವ ಆಯುಧವಾಯಿತೆಂಬ ಅರ್ಥವನ್ನು ಹೇಳಲು ಬೇರೆ ವ್ಯಾಖ್ಯಾನ ಬೇಡ. ಎರಡು ಹಾಳೆಗಳ ನಡುವಣ ಈ ಅವಕಾಶದಲ್ಲಿಯೇ ಧ್ವನಿಯು ನೆಲೆಸಿದೆ. ಅದನ್ನು ಹೆಚ್ಚಿನ ಚಿತ್ರಗಳಿಂದ ತುಂಬುವವನು ಅಡಿಬರಹವನ್ನು ಬರೆದಷ್ಟೇ ದೋಷಿ.

ಹೀಗಿರಲು ಭಾಮಹನ ಮತಕ್ಕೆ ಭಂಗವಿಲ್ಲ. ಇಂಥ ಗ್ರಂಥದಲ್ಲಿ ಶಬ್ದವು ಇಲ್ಲದಿಲ್ಲ. ಅದು ಹಾಳೆಯನ್ನು ಬಿಟ್ಟು ಓದುವವನ ನಾಲಗೆಗೆ ಬಂದಿದೆ. ಅಕ್ಷರ ಕಲಿಯದ ಅಜ್ಜಿಯು ಶಾಲೆಗೆ ಹೋಗುವ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಳೆ ತಿರುವುತ್ತಾ ತಾನೇ ಕಥೆ ಹೇಳಬಲ್ಲ ಗ್ರಂಥ ಬೇರೆ ಯಾವುದುಂಟು? ಅವಳು ನಡುವೆ ತಡವರಿಸಿದರೆ ತಪ್ಪು ಅವಳದಲ್ಲ, ಕೆತ್ತಿದವನದು.