ಹೆನ್ರಿಯ ಪ್ರಾಸ, ಡೌಲಂಡನ ಬಾಯಿ

ಎಂಟನೆಯ ಹೆನ್ರಿ ಕಟ್ಟಿದ ಹಾಡುಗಳಲ್ಲಿ ಹೆಚ್ಚು ಹೆಸರಾದದ್ದು ‘ಪಾಸ್‌ಟೈಮ್ ವಿತ್ ಗುಡ್ ಕಂಪನಿ’. ಅದರ ಆರಂಭದ ಪ್ರಾಸಪದಗಳು ಕಂಪನಿ, ಡೈ, ಡಿನೈ, ಐ. ಇವತ್ತಿನ ಇಂಗ್ಲಿಷಿನಲ್ಲಿ ಹಾಡಿದರೆ ಮೊದಲನೆಯದು ಉಳಿದವುಗಳ ಜೊತೆ ಸೇರುವುದೇ ಇಲ್ಲ. ಅರಸನಿಗೆ ಪ್ರಾಸ ಗೊತ್ತಿರಲಿಲ್ಲ ಎಂದೇನೂ ಅಲ್ಲ, ಆಮೇಲೆ ಉಚ್ಚಾರವೇ ಬದಲಾಯಿತು.

ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬಿಟ್ಟವು. ಒಂದು ಕಾಲಕ್ಕೆ ‘ಟೀಮ’ ಎಂಬಂತೆ ಕೇಳುತ್ತಿದ್ದದ್ದು ಟೈಮ್ ಆಯಿತು, ‘ಹೂಸ್’ ಹೋಗಿ ಹೌಸ್ ಬಂತು, ‘ನಾಮ’ ನೇಮ್ ಆಯಿತು. ಟ್ಯೂಡರ್ ಕಾಲ, ಅಂದರೆ 1485ರಿಂದ 1603, ಈ ಪಲ್ಲಟದ ನಟ್ಟನಡುವೆ ಬೀಳುತ್ತದೆ. ಆ ಕಾಲದ ಹಾಡುಗಳನ್ನು ಆ ಕಾಲದ ಉಚ್ಚಾರದಲ್ಲೇ ಹಾಡಬೇಕೆನ್ನುವ ಪಂಥ ಹುಟ್ಟಿದ್ದು ಇಲ್ಲಿಂದ. ಆಲ್ಫ್ರೆಡ್ ಡೆಲ್ಲರ್ ತಲೆಮಾರಿನವರು ಇಪ್ಪತ್ತನೆಯ ಶತಮಾನದ ನಯವಾದ ಇಂಗ್ಲಿಷಿನಲ್ಲೇ ಹಾಡಿದರು. ರೆಡ್ ಬರ್ಡ್‌ನಂಥ ತಂಡಗಳು ಅದನ್ನು ಬದಿಗಿಟ್ಟವು. 2004ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರ ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ನೆರವಿನಿಂದ ‘ರೋಮಿಯೋ ಅಂಡ್ ಜೂಲಿಯೆಟ್’ ಅನ್ನು ಹಳೆಯ ಉಚ್ಚಾರದಲ್ಲಿ ಆಡಿದ ಮೇಲಂತೂ ಈ ಪಂಥಕ್ಕೆ ಜನಪ್ರಿಯತೆಯೂ ಬಂತು.

ಪಂಥದ ಮೂಲವಾದ ಸರಿಯೇ ಇದೆ. ಸಾಕ್ಷ್ಯವನ್ನು ತೂಗುವಲ್ಲಿ ಮಾತ್ರ ಅದರ ಅನುಯಾಯಿಗಳು ಎಡವುತ್ತಾರೆ. ಹಳೆಯ ಕಾಗುಣಿತ ಕಂಡರೆ ಅವರಿಗೆ ಎಲ್ಲಿಲ್ಲದ ಭಕ್ತಿ. ‘ಮ್ಯೂಸಿಕ್’ ಪದದ ಕೊನೆಗೆ ಅಂದಿನ ಮುದ್ರಕರು ‘ಕೆ’, ‘ಇ’ ಅಕ್ಷರಗಳನ್ನು ಸೇರಿಸುತ್ತಿದ್ದರು. ಆ ‘ಇ’ ಅಷ್ಟರಲ್ಲೇ ಮೂಕವಾಗಿತ್ತು, ಅದನ್ನು ಉಚ್ಚರಿಸಿ ಹಾಡುವುದು ಶುದ್ಧ ತಪ್ಪು. ಒಂದೇ ಹಾಡಿನ ಒಂದೇ ಪದವನ್ನು ಒಂದು ದನಿಯ ಪುಸ್ತಕದಲ್ಲಿ ಒಂದು ರೀತಿ, ಇನ್ನೊಂದು ದನಿಯ ಪುಸ್ತಕದಲ್ಲಿ ಇನ್ನೊಂದು ರೀತಿ ಅಚ್ಚುಹಾಕುತ್ತಿದ್ದ ಕಾಲ ಅದು. ಮೊಳೆ ಜೋಡಿಸುವವನಿಗೆ ಸಾಲು ತುಂಬುವುದೇ ದೊಡ್ಡ ಚಿಂತೆ. ಇ. ಎಚ್. ಫೆಲೋಸ್ ಲ್ಯೂಟ್ ಹಾಡುಗಳನ್ನು ಸಂಪಾದಿಸುವಾಗ ಕಾಗುಣಿತವನ್ನು ಹೊಸದಾಗಿಸಿದ್ದಕ್ಕೆ ಬೈಯುವವರಿದ್ದಾರೆ. ನನಗಂತೂ ಅದರಿಂದ ಉಚ್ಚಾರದ ಮಟ್ಟಿಗೆ ದೊಡ್ಡ ನಷ್ಟವಾಯಿತೆಂದು ಅನ್ನಿಸುವುದಿಲ್ಲ.

ಪ್ರಾಸ ಕಾಗುಣಿತಕ್ಕಿಂತ ಉತ್ತಮ ಸಾಕ್ಷಿ, ಆದರೂ ಒಂದೇ ಪದಕ್ಕೆ ಎರಡು ಉಚ್ಚಾರಗಳು ಚಾಲ್ತಿಯಲ್ಲಿದ್ದಾಗ ಕವಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾನೆ. ಎಲ್ಲಕ್ಕಿಂತ ನಂಬಬಹುದಾದದ್ದು ಸ್ವರಲಿಪಿ. ‘ಪ್ಯಾಶನ್’ ಇಂದು ಎರಡು ಉಚ್ಚಾರಾಂಶಗಳ ಪದ. ಅಂದಿನ ಹಾಡುಗಳಲ್ಲಿ ಅದು ಪಾ-ಸಿ-ಆನ್ ಎಂದು ಬಿಡಿಸಿಕೊಂಡು ಮೂರು ಸ್ವರಗಳ ಮೇಲೆ ಕೂರುವುದುಂಟು. ಇಂದಿನ ಗಾಯಕ ಎರಡೇ ಅಂಶ ಹಾಡಿದರೆ ಒಂದು ಸ್ವರಕ್ಕೆ ಪದವೇ ಇಲ್ಲದೆ ಎಳೆಯಬೇಕಾಗುತ್ತದೆ. ಥಾಮಸ್ ಕ್ಯಾಂಪಿಯನ್ ಪದವನ್ನೂ ರಾಗವನ್ನೂ ತಾನೇ ಕಟ್ಟಿದವನಾದ್ದರಿಂದ ಅವನ ಹಾಡುಗಳಲ್ಲಿ ಈ ಲೆಕ್ಕಕ್ಕೆ ಇನ್ನಷ್ಟು ತೂಕ. ಉಚ್ಚಾರ ಸಂಗೀತಕ್ಕೆ ನಿಜವಾಗಿ ನೆರವಾಗುವುದು ಇಂಥಲ್ಲಿ. ಸ್ವರದ ನಂತರದ ‘ರ’ಕಾರವನ್ನು ನುಂಗದೆ ಹೇಳುವುದೂ ಹಾಗೆಯೇ. ಹಾಡಿಗೆ ಅದು ಒಂದು ಒರಟು ಸೊಗಸು ಕೊಡುತ್ತದೆ.

ನನ್ನ ಮುಖ್ಯ ತಕರಾರು ಬೇರೆ. ಹೆನ್ರಿಯ ಹಾಡುಗಳಿರುವ ಹಸ್ತಪ್ರತಿ ಸುಮಾರು 1518ರದ್ದು, ಜಾನ್ ಡೌಲಂಡನ ಮೊದಲ ಹಾಡಿನ ಪುಸ್ತಕ ಬಂದದ್ದು 1597ರಲ್ಲಿ. ನಡುವೆ ಸುಮಾರು 80 ವರ್ಷ. ಕಛೇರಿಯಲ್ಲಿ ಮಾತ್ರ ಎರಡೂ ಒಂದೇ ಉಚ್ಚಾರದಲ್ಲಿ ಕೇಳಿಬರುತ್ತವೆ, ಶೇಕ್ಸ್‌ಪಿಯರನ ನಾಟಕಕ್ಕೆಂದು ಹೊಲಿದ ಅಂಗಿಯನ್ನು ಹೆನ್ರಿಗೆ ತೊಡಿಸಿದಂತೆ. 1569ರಲ್ಲಿ ‘ಆರ್ಥೋಗ್ರಫಿ’ ಬರೆದ ಜಾನ್ ಹಾರ್ಟ್ ತನ್ನ ಕಾಲದ ಉಚ್ಚಾರವನ್ನು ಹೊಸ ಲಿಪಿಯಲ್ಲಿ ಹಿಡಿದಿಟ್ಟ. ಮಿಲ್ಟನ್ ಓದಿದ ಸೇಂಟ್ ಪಾಲ್ಸ್ ಶಾಲೆಯ ಮುಖ್ಯಸ್ಥ ಅಲೆಕ್ಸಾಂಡರ್ ಗಿಲ್ 1619ರ ತನ್ನ ವ್ಯಾಕರಣದಲ್ಲಿ ಹಾರ್ಟ್‌ನ ಉಚ್ಚಾರವನ್ನು ಒಪ್ಪಲಿಲ್ಲ, ನಾಜೂಕಾಗಿ ಸ್ವರ ತಿರುಚುವವರನ್ನು ಚೆನ್ನಾಗಿಯೇ ಝಾಡಿಸಿದ. ಅಂದಿನವರೇ ಹೀಗೆ ಜಗಳವಾಡಿರುವಾಗ ‘ಮೂಲ ಉಚ್ಚಾರ’ ಎಂಬ ಏಕವಚನ ಹೇಗೆ ನಿಲ್ಲುತ್ತದೆ?

ಹಾಗೆಂದು ಹಳೆಯ ನಯದ ಇಂಗ್ಲಿಷಿಗೇ ಮರಳಬೇಕೆಂದು ಹೇಳುತ್ತಿಲ್ಲ, ಅದು ಟ್ಯೂಡರರಿಗೆ ಇನ್ನೂ ದೂರದ್ದು. ಈ ತಂಡಗಳು ಧ್ವನಿಮುದ್ರಿಕೆಯ ಕೈಪಿಡಿಯಲ್ಲಿ ಯಾವ ದಶಕದ, ಯಾವ ಸಾಕ್ಷಿಯ ಉಚ್ಚಾರವನ್ನು ಆರಿಸಿಕೊಂಡೆವು ಎಂದು ಬರೆಯಲಿ. ಅಷ್ಟು ಹೇಳದೆ ‘ಅಸಲಿ’ ಎಂಬ ಮುದ್ರೆಯೊತ್ತಿದ ತಟ್ಟೆ ಕೊಳ್ಳುವ ಮುನ್ನ ಕೇಳುಗರು ಎರಡು ಸಲ ಯೋಚಿಸುವುದು ಒಳ್ಳೆಯದು.