ಹಸ್ತಪ್ರತಿಯ ಮೊದಲ ವಾಚಕ

ಗ್ರಂಥವೊಂದು ಅಚ್ಚಾಗಿ ಹೊರಬಿದ್ದಾಗ ಅದರ ಮೇಲೆ ಕರ್ತೃವಿನ ಹೆಸರಿರುವುದು. ಪ್ರಕಾಶಕರ ಹೆಸರೂ ಮುದ್ರಣಾಲಯದ ಹೆಸರೂ ಇರುವುವು. ಆದರೆ ಹಸ್ತಪ್ರತಿಯನ್ನು ಎಲ್ಲರಿಗಿಂತ ಮೊದಲು ಓದಿ, ಕಥೆ ಎಲ್ಲಿ ಕುಂಟಿತು, ಯಾವ ಪಾತ್ರ ಬೆಳೆಯದೆ ನಿಂತಿತು ಎಂಬುದನ್ನು ಕರ್ತೃವಿಗೆ ತಿಳಿಸಿದವನ ಹೆಸರು ಪ್ರಾಯಶಃ ಎಲ್ಲಿಯೂ ಕಾಣಬಾರದು. ಹಿಂದೆ ಈ ಕೆಲಸವನ್ನು ಸ್ನೇಹಿತರು, ಗುರುಗಳು, ಪತ್ರಿಕಾ ಸಂಪಾದಕರು ಪ್ರೀತಿಗಾಗಿ ಮಾಡುತ್ತಿದ್ದರು. ಈಚೆಗೆ ಯಾವ ಪ್ರಕಾಶಕರ ಸೇವೆಯಲ್ಲಿಯೂ ಇರದೆ, ಮನೆಯಲ್ಲಿಯೇ ಕುಳಿತು, ಸಂಭಾವನೆ ಪಡೆದು ಇದನ್ನು ವೃತ್ತಿಯಾಗಿ ನಡೆಯಿಸುವವರು ಹುಟ್ಟಿಕೊಂಡಿದ್ದಾರೆ. ಇದರಿಂದ ಸಾಹಿತ್ಯಕ್ಕೆ ಹಿತವೋ ಅಹಿತವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಮೂರು ಕೆಲಸಗಳನ್ನು ಬೇರೆಬೇರೆಯಾಗಿ ನೋಡಬೇಕು. ಅಚ್ಚಿನ ಕರಡನ್ನು ತಿದ್ದುವುದು ಒಂದು. ಭಾಷೆಯನ್ನು ಶುದ್ಧಪಡಿಸುವುದು ಇನ್ನೊಂದು. ಇವೆರಡರಲ್ಲಿಯೂ ಮಂಗಳೂರು ಹಳೆಯ ಊರು. 1841ರಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ ಇಲ್ಲಿ ನೆಲೆಗೊಂಡಿತು. 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. 1894ರಲ್ಲಿ ಕಿಟ್ಟೆಲರ ನಿಘಂಟು ಇಲ್ಲಿಯೇ ಬೆಳಕು ಕಂಡಿತು. ಮೂರನೆಯ ಕೆಲಸ ಅಕ್ಷರದ್ದೂ ಅಲ್ಲ, ವ್ಯಾಕರಣದ್ದೂ ಅಲ್ಲ, ಗ್ರಂಥದ ಕಟ್ಟಡದ್ದು. ಹತ್ತನೆಯ ಅಧ್ಯಾಯದಲ್ಲಿ ಸಾಯುವ ತಾಯಿ ಹಿಂದಿನ ಒಂಬತ್ತರಲ್ಲಿ ಒಮ್ಮೆಯೂ ಬಾಯಿ ತೆರೆಯದಿದ್ದರೆ, ಓದುವವನಿಗೆ ಕಣ್ಣೀರು ಎಲ್ಲಿಂದ ಬಂದೀತು? ಈ ದೋಷವನ್ನು ಯಾವ ನಿಘಂಟೂ ತೋರಿಸಲಾರದು.

ಈ ಮೂರನೆಯ ಕೆಲಸದ ಅತ್ಯುತ್ತಮ ಚಿತ್ರವನ್ನು ಕೊಟ್ಟವನು ದಕ್ಷಿಣ ಕನ್ನಡ ನೆಲದ ಕವಿಯೇ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿ, 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಲಕ್ಷ್ಮೀನಾರಣಪ್ಪ, ಎಂದರೆ ಮುದ್ದಣ, ತನ್ನ ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಗಂಡನ ಎದುರಿಗೆ ಮನೋರಮೆಯನ್ನು ಕುಳ್ಳಿರಿಸಿದನು. ಆಕೆಯನ್ನು ಸರಸಸಲ್ಲಾಪದ ನಾಯಿಕೆಯೆಂದು ಮಾತ್ರ ಕೊಂಡಾಡುವುದು ರೂಢಿ. ಆದರೆ ಆಕೆ ಮಾಡುವ ಕೆಲಸವನ್ನು ಗಮನಿಸಿದರೆ, ಆಕೆ ಪರಿಷ್ಕರ್ತೆಯೂ ಹೌದು. ಯಾವ ಕಥೆ ಬೇಕೆಂಬುದನ್ನು ಆಕೆ ಆರಿಸುತ್ತಾಳೆ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಿದಾಗ ತಡೆದು ಅಚ್ಚಗನ್ನಡವನ್ನು ಕೇಳುತ್ತಾಳೆ. ಆಕೆ ಕಥೆಯ ಒಂದು ವಾಕ್ಯವನ್ನೂ ತಾನು ಕಟ್ಟುವುದಿಲ್ಲ. ಕೇಳುತ್ತಾಳೆ, ಶಂಕಿಸುತ್ತಾಳೆ, ನಗುತ್ತಾಳೆ. ಕಟ್ಟುವ ಹೊಣೆಯನ್ನು ಗಂಡನಿಗೇ ಬಿಡುತ್ತಾಳೆ. ಪರಿಷ್ಕರ್ತನ ಧರ್ಮವೆಲ್ಲವೂ ಇಷ್ಟರಲ್ಲಿ ಅಡಗಿದೆ.

ಇಲ್ಲಿ ವಿಷಾದಕ್ಕೂ ಎಡೆಯಿದೆ. ಮುದ್ದಣನು ತನ್ನ ಕೃತಿಯನ್ನು ತನ್ನದೆನ್ನದೆ, ಹಿಂದಿನ ಕವಿಯ ಕಾವ್ಯವೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದನು. ಪ್ರಾಚೀನ ಕಾವ್ಯದ ಸಂಪಾದಕನಿಗೆ ಇರುವ ಕರ್ತವ್ಯ ಪಾಠವನ್ನು ಕಾಪಾಡುವುದು. ಸತ್ತ ಕವಿಗೆ ಸಲಹೆ ಹೇಳುವವರುಂಟೆ? ಹೆಸರು ಮರೆಸಿದ್ದರಿಂದ ಕೃತಿಗೆ ಮರ್ಯಾದೆ ದೊರೆಯಿತು. ಬದುಕಿದ್ದ ಕವಿಗೆ ಆ ಸಂಪಾದಕರಿಂದ ದೊರೆಯಬಹುದಾಗಿದ್ದ ಒಡನಾಟ ತಪ್ಪಿತು. ಹೊಸ ಬರಹಗಾರನು ಅಂಜದೆ ತನ್ನ ಹಸ್ತಪ್ರತಿಯನ್ನು ಒಪ್ಪಿಸಬಹುದಾದ ಒಬ್ಬ ವಾಚಕನು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ನೆರವಿನ ಕೈ ಅತಿಯಾಗಿ ಚಾಚಿದರೆ ಕೇಡೂ ಉಂಟು. ಅಮೆರಿಕದ ಕಾದಂಬರಿಕಾರ ಥಾಮಸ್ ವುಲ್ಫನ ಅಪಾರವಾದ ಹಸ್ತಪ್ರತಿಗಳನ್ನು ಕಡಿದು ರೂಪಕ್ಕೆ ತಂದವನು ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್. 1936ರಲ್ಲಿ ವಿಮರ್ಶಕನೊಬ್ಬನು, ಈ ಗ್ರಂಥಗಳು ಕರ್ತೃವಿನವಲ್ಲ, ಪ್ರಕಾಶಕರ ಕಾರ್ಯಾಲಯದಲ್ಲಿ ಜೋಡಿಸಿದವು ಎಂಬ ಅರ್ಥದಲ್ಲಿ ಚುಚ್ಚಿದನು. ಮರುವರ್ಷವೇ ವುಲ್ಫನು ಆ ಪ್ರಕಾಶನ ಸಂಸ್ಥೆಯನ್ನು ಬಿಟ್ಟನು. ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯವನ್ನು 1922ರಲ್ಲಿ ಎಜ್ರಾ ಪೌಂಡನು ಬಹುಭಾಗ ಕತ್ತರಿಸಿದರೂ ಎಲಿಯಟ್ಟನು ಕೃತಜ್ಞನಾಗಿಯೇ ಉಳಿದು, ಕಾವ್ಯವನ್ನು ಅವನಿಗೇ ಅರ್ಪಿಸಿದನು. ಈ ಎರಡು ಕಥೆಗಳ ಅಂತರ ಕತ್ತರಿಯ ಹರಿತದಲ್ಲಿಲ್ಲ. ತಿದ್ದುಪಡಿಯನ್ನು ಒಪ್ಪುವ ಅಥವಾ ಬಿಡುವ ಅಧಿಕಾರ ಕೊನೆಯವರೆಗೆ ತನ್ನಲ್ಲಿಯೇ ಇತ್ತೆಂದು ಕರ್ತೃವಿಗೆ ಅನಿಸಿತೇ ಇಲ್ಲವೇ ಎಂಬುದರಲ್ಲಿದೆ.

ಮಂಗಳೂರಿನಲ್ಲಿ ಈ ವಿಷಯಕ್ಕೆ ಮತ್ತೊಂದು ಮುಖವಿದೆ. ಇಲ್ಲಿ ಕನ್ನಡದಲ್ಲಿ ಬರೆಯುವವರಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅವರ ಕನ್ನಡದಲ್ಲಿ ಮನೆಮಾತಿನ ನೆರಳು ಬೀಳುವುದು ಸಹಜ. ಘಟ್ಟದ ಮೇಲಿನ ಪರಿಷ್ಕರ್ತನು ‘ಚಾವಡಿ’ಯನ್ನು ಕಂಡಲ್ಲೆಲ್ಲ ‘ಪಡಸಾಲೆ’ಯೆಂದು ತಿದ್ದಿದರೆ ವಾಕ್ಯ ಕೆಡದು, ಆದರೆ ಮನೆಯೇ ಬದಲಾಗಿಹೋಗುವುದು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ತುಳುನಾಡಿನ ಬಾಳನ್ನು ಕನ್ನಡದಲ್ಲಿ ನುಡಿಯಿಸಿತು. ಆ ನೆಲದ ವಾಸನೆಯನ್ನು ಅಶುದ್ಧಿಯೆಂದು ತೊಳೆದಿದ್ದರೆ ಉಳಿಯುತ್ತಿದ್ದುದೇನು? ಆದುದರಿಂದ ಇಲ್ಲಿನ ಪರಿಷ್ಕರ್ತನು ತಪ್ಪನ್ನೂ ಸೊಗಡನ್ನೂ ಬೇರ್ಪಡಿಸಿ ಬಲ್ಲವನಾಗಿರಬೇಕು. ಅರ್ಥಕ್ಕೆ ಅಡ್ಡ ಬರುವುದು ತಪ್ಪು. ಅರ್ಥಕ್ಕೆ ಊರು ಕೊಡುವುದು ಸೊಗಡು.

ಇನ್ನು ಹಣದ ಮಾತು. ವಿದ್ಯೆಯನ್ನು ಮಾರುವುದು ತರವೇ ಎಂದು ಆಕ್ಷೇಪಿಸುವವರುಂಟು. ವೈದ್ಯನಿಗೂ ಸಂಗೀತದ ಗುರುವಿಗೂ ಸಲ್ಲುವ ಸಂಭಾವನೆ, ಮುನ್ನೂರು ಪುಟಗಳನ್ನು ಎರಡಾವರ್ತಿ ಓದಿ ಅಭಿಪ್ರಾಯ ಬರೆದುಕೊಡುವವನಿಗೆ ಏಕೆ ಸಲ್ಲಬಾರದು? ಅಪಾಯವಿರುವುದು ಹಣದಲ್ಲಲ್ಲ, ಹಣ ಕೊಡುವವನನ್ನು ಮೆಚ್ಚಿಸುವ ಆಸೆಯಲ್ಲಿ. ಮುಖಸ್ತುತಿ ಮಾಡಿ ಸಂಭಾವನೆ ಪಡೆಯುವವನು ಆಸ್ಥಾನದ ಹೊಗಳುಭಟನ ವಂಶದವನು. ಎಷ್ಟು ಸಲ ಓದುವುದು, ಏನನ್ನು ಬರೆದುಕೊಡುವುದು, ಎಷ್ಟು ಪಡೆಯುವುದು ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡು, ಗ್ರಂಥ ಅಚ್ಚಾಗುವುದೆಂಬ ಭರವಸೆಯನ್ನು ಎಂದಿಗೂ ಮಾರದೆ, ಬೇಡವಾದ ಕಡೆ ಬೇಡವೆಂದು ಹೇಳುವವನೇ ನಂಬಿಕೆಗೆ ಅರ್ಹನು.

ಗ್ರಂಥಗಳು ಹೆಚ್ಚುತ್ತಿರುವ ಕಾಲದಲ್ಲಿ ಅಚ್ಚು ಸುಲಭವಾಗಿದೆ, ಓದು ದುರ್ಲಭವಾಗಿದೆ. ವಿಮರ್ಶಕನು ಬರುವ ಹೊತ್ತಿಗೆ ಗ್ರಂಥ ಗಟ್ಟಿಯಾಗಿ ಹೋಗಿರುತ್ತದೆ. ಅವನ ಮಾತು ಮುಂದಿನ ಗ್ರಂಥಕ್ಕೆ ಒದಗಬೇಕಷ್ಟೆ. ಮಣ್ಣು ಹಸಿಯಾಗಿರುವಾಗಲೇ ಕೈಯಿಟ್ಟು, ಕುಂಬಾರನ ಗುರುತು ಅಳಿಯದಂತೆ ಬಿರುಕನ್ನು ತೋರಿಸುವವನು ಪರಿಷ್ಕರ್ತನು. ಅವನಿಗೆ ಹೆಸರು ಬಾರದಿದ್ದರೂ ಚಿಂತೆಯಿಲ್ಲ. ಅನ್ನವೂ ಗೌರವವೂ ಬಂದರೆ ಕನ್ನಡಕ್ಕೆ ಲಾಭವೇ.