ಪ್ರಾಂತೇತಿಹಾಸದ ಪತ್ರಿಕೆಗಳು: ಆನೆಕೊಂಡದಿಂದ ಒಂದು ನೋಟ

ಪ್ರಾಂತೇತಿಹಾಸಕ್ಕೆಂದೇ ಮೀಸಲಾದ ಸಂಶೋಧನ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಎಷ್ಟು ಹೊಸ ಶಾಸನಗಳು ಅದರಿಂದ ಬೆಳಕಿಗೆ ಬಂದುವು, ಎಷ್ಟು ಕಾಲನಿರ್ಣಯಗಳು ತಿದ್ದುಪಾಟಾದುವು ಎಂಬುದು ಒಂದು ಅಳತೆ. ಆದರೆ ಅದಕ್ಕೂ ಮೊದಲು ಕೇಳತಕ್ಕ ಪ್ರಶ್ನೆಯೊಂದುಂಟು. ಆ ಪತ್ರಿಕೆ ಪ್ರಾಂತವೆಂದು ಕರೆಯುವುದು ಯಾವುದನ್ನು? ಸರಕಾರವು ಗೆರೆಯೆಳೆದ ನೆಲವನ್ನೋ, ಆಧಾರಗಳು ತಾವಾಗಿ ತೋರಿಸುವ ನೆಲವನ್ನೋ?

ನಮ್ಮಲ್ಲಿ ಈ ಕಾರ್ಯಕ್ಕೆ ಮೊದಲು ಕೈಯಿಟ್ಟ ಪತ್ರಿಕೆಗಳಲ್ಲಿ ಎರಡು ಮುಖ್ಯವಾದುವು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯ ತ್ರೈಮಾಸಿಕವು ಒಂದು. ಧಾರವಾಡದಲ್ಲಿ 1914ರಲ್ಲಿ ಆಲೂರ ವೆಂಕಟರಾಯರೇ ಮೊದಲಾದವರು ಕಟ್ಟಿದ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವು 1931ರಿಂದ ಹೊರಡಿಸಿದ ‘ಕರ್ನಾಟಕ ಹಿಸ್ಟಾರಿಕಲ್ ರಿವ್ಯೂ’ ಇನ್ನೊಂದು. ಮೊದಲನೆಯದು ಮೈಸೂರು ಸಂಸ್ಥಾನದ ನೆಲದಲ್ಲಿ ಹುಟ್ಟಿತು; ಎರಡನೆಯದು ಮುಂಬಯಿ ಪ್ರಾಂತದ ನೆಲದಲ್ಲಿ. ಇವೆರಡರ ನಡುವೆ ತುಂಗಭದ್ರೆ ಹರಿಯುತ್ತಿದ್ದಿತು. ಆ ಹೊಳೆಯ ದಡದಲ್ಲಿ ಹರಿಹರ. ಹರಿಹರದ ಬದಿಗೆ ದಾವಣಗೆರೆ. ಇಂದು ದಾವಣಗೆರೆಯ ನಗರದೊಳಗೆ ಸೇರಿಹೋಗಿರುವ ಹಳೆಯ ಊರು ಆನೆಕೊಂಡ. ಪತ್ರಿಕೆಗಳನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲ.

ಆನೆಕೊಂಡದ ಈಶ್ವರ ದೇವಾಲಯದ ಮುಂದೆ ನಿಂತ ಅಧ್ಯಾಪಕನೊಬ್ಬನು ಈ ನೆಲವನ್ನು ಆಳಿದವರಾರು ಎಂದು ಅರಿಯಲು ಹೊರಟನೆನ್ನೋಣ. ದಾವಣಗೆರೆ, ಹರಿಹರಗಳ ಶಾಸನಗಳು ರೈಸ್ ಸಾಹೇಬರ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ 1903ರಲ್ಲಿಯೇ ಅಚ್ಚಾಗಿವೆ. ಆದರೆ ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿ ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ ಉಚ್ಚಂಗಿ. ಅದು ಈಶಾನ್ಯಕ್ಕೆ ಸಮೀಪದಲ್ಲಿದ್ದರೂ ಆಗ ಮದರಾಸಿಗೆ ಸೇರಿತ್ತು. ಆ ಕಡೆಯ ಹರಪನಹಳ್ಳಿ ತಾಲ್ಲೂಕಿನ ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್’ 9ನೆಯ ಸಂಪುಟದವರೆಗೆ, ಎಂದರೆ 1939ರವರೆಗೆ, ಕಾಯಬೇಕಾಯಿತು. ಹೊಳೆಯಾಚೆಯ ಮುಂಬಯಿ ಕರ್ನಾಟಕದ ಶಾಸನಗಳು ಬೇರೆಯೇ ಸಂಪುಟಗಳಲ್ಲಿ 1940ರಿಂದ ಬರತೊಡಗಿದುವು. ಒಂದೇ ಅರಸುಮನೆತನದ ಚರಿತ್ರೆಯನ್ನು ಮೂರು ಸರಕಾರಗಳ ಕಪಾಟುಗಳಿಂದ ಹೆಕ್ಕಿ ತರಬೇಕಾಯಿತು.

ಗೆರೆಗಳಾದರೂ ನಿಂತುವೆ? ಹರಪನಹಳ್ಳಿಯು 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳೊಡನೆ ಮೈಸೂರಿಗೆ ಬಂದಿತು. 1997ರಲ್ಲಿ ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಉಚ್ಚಂಗಿಯ ದುರ್ಗ ಮಾತ್ರ ಇದ್ದಲ್ಲೇ ಇದೆ. ಜಿಲ್ಲೆಯನ್ನು ಪ್ರಮಾಣವಾಗಿಟ್ಟು ಚರಿತ್ರೆಯನ್ನು ಬರೆಯುವವರು ಇದನ್ನು ಮನಗಾಣಬೇಕು. ಶಾಸನಸಂಪುಟಗಳು ಆಡಳಿತವನ್ನನುಸರಿಸಿ ವಿಭಾಗವಾದುದು ಅನಿವಾರ್ಯವೆನ್ನಬಹುದು. ವಿದ್ವತ್ಪತ್ರಿಕೆಗೆ ಆ ನಿರ್ಬಂಧವಿಲ್ಲ. ಬಿಡಿಯಾದುದನ್ನು ಕೂಡಿಸುವುದೇ ಅದರ ಧರ್ಮ.

ಎರಡನೆಯ ಆಕ್ಷೇಪವು ಭಾಷೆಯದು. ಮೇಲೆ ಹೇಳಿದ ಎರಡು ಪತ್ರಿಕೆಗಳೂ ಪ್ರಧಾನವಾಗಿ ಇಂಗ್ಲಿಷಿನಲ್ಲಿ ನಡೆದುವು. ಪರದೇಶದ ಪಂಡಿತರೊಡನೆ ವಾದಿಸಿ ನಮ್ಮ ಅರಸರಿಗೆ ಚರಿತ್ರೆಯಲ್ಲಿ ಸ್ಥಾನ ದೊರಕಿಸಲು ಆ ಭಾಷೆ ಬೇಕಾಗಿದ್ದಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂಬ ಸಂಗತಿ, ಆ ಗುಡಿಯ ಸುತ್ತ ವಾಸಿಸುವವನಿಗಿಂತ ಲಂಡನ್ನಿನ ಓದುಗನಿಗೆ ಸುಲಭವಾಗಿ ದೊರೆಯುವಂತಾದುದು ಸರಿಯೆನ್ನಲು ಬಾರದು. ತನ್ನ ಊರಿನ ಕಲ್ಲು ಏನನ್ನು ನುಡಿಯುತ್ತದೆಂದು ಅರಿಯದವನು ಅದನ್ನು ಒಗೆಯುವ ಕಲ್ಲಾಗಿಯೋ ಮೆಟ್ಟಿಲಾಗಿಯೋ ಬಳಸಿದರೆ ತಪ್ಪು ಅವನೊಬ್ಬನದೇ ಅಲ್ಲ.

ಕರ್ನಾಟಕ ಇತಿಹಾಸ ಅಕಾಡೆಮಿಯ ‘ಇತಿಹಾಸ ದರ್ಶನ’ವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದೆ. ವಾರ್ಷಿಕ ಸಮ್ಮೇಳನದ ಪ್ರಬಂಧಗಳನ್ನು ಕನ್ನಡದಲ್ಲಿ ಸಂಗ್ರಹಿಸುವ ಈ ಸಂಪುಟಗಳಲ್ಲಿ ಊರೂರಿನ ಅಧ್ಯಾಪಕರಿಗೂ ಎಡೆಯುಂಟು. ಆದರೆ ಸಮ್ಮೇಳನದಲ್ಲಿ ಓದುವುದಕ್ಕೆಂದು ಬರೆದ ಪ್ರಬಂಧದ ಮೇಲೆ ಕಾಲಮಿತಿಯ ಗುರುತು ಉಳಿಯುವುದು ಸಹಜ. ಒಂದೊಂದು ಊರಿನ ಮೇಲೆ ಒಂದೊಂದು ಕಿರುಲೇಖ ಬಂದು, ಊರಿಗೆ ಊರನ್ನು ಜೋಡಿಸುವ ಕೆಲಸ ಓದುಗನ ಪಾಲಿಗೆ ಉಳಿಯುತ್ತದೆ.

ಆದುದರಿಂದ ಸಂಪಾದಕರಲ್ಲಿ ನಮ್ಮ ವಿಜ್ಞಾಪನೆ ಎರಡೇ. ನೊಳಂಬವಾಡಿಯಂತಹ ಹಳೆಯ ನಾಡುಗಳನ್ನೇ ಘಟಕವಾಗಿಟ್ಟುಕೊಂಡು ಎಲ್ಲ ಸಂಪುಟಗಳ ಶಾಸನಗಳಿಗೆ ಸ್ಥಳಾನುಕ್ರಮಣಿಕೆಯನ್ನು ಸಿದ್ಧಪಡಿಸುವುದು ಒಂದು. ಆಂಗ್ಲಲೇಖನಗಳ ತಾತ್ಪರ್ಯವನ್ನು ಕನ್ನಡದಲ್ಲಿ ಕೊಡುವುದು ಇನ್ನೊಂದು. ಬೆಳೆಯುತ್ತಿರುವ ನಗರದ ನಡುವೆ ಆನೆಕೊಂಡದ ಗುಡಿ ನಿಂತಿದೆ. ಅದರ ಪಕ್ಕದ ಪಾಠಶಾಲೆಯ ಉಪಾಧ್ಯಾಯನು ಪತ್ರಿಕೆಯನ್ನು ತೆರೆದು ತನ್ನ ಊರನ್ನೂ ಉಚ್ಚಂಗಿಯನ್ನೂ ಹರಿಹರವನ್ನೂ ಒಂದೇ ಪುಟದಲ್ಲಿ ಕಂಡು ಮಕ್ಕಳಿಗೆ ಹೇಳುವಂತಾದರೆ, ಆ ಪತ್ರಿಕೆ ಪ್ರಾಂತೇತಿಹಾಸದ್ದೆಂಬ ಹೆಸರಿಗೆ ಅರ್ಹವಾಯಿತೆಂದು ತಿಳಿಯಬಹುದು.